ಬೌರಿಂಗ್‌ಪೇಟೆಯಿಂದ ಬೌರಿಂಗ್ ಆಸ್ಪತ್ರೆಗೆ

ಬಂಗಾರಪೇಟೆಯ ಹಳೇ ಹೆಸರು ಬೌರಿಂಗ್‌ಪೇಟೆ. ಮೈಸೂರು ಸೀಮೆಯನ್ನು ಬ್ರಿಟಿಷರು ನೇರವಾಗಿ ಆಳುತ್ತಿದ್ದ ಕಾಲದಲ್ಲಿ, 1862ರಿಂದ 1870ರವರೆಗೆ ಇಲ್ಲಿ ಕಮಿಷನರ್ ಆಗಿದ್ದವರು ಲೆವಿನ್ ಬೌರಿಂಗ್. ಊರಿಗೆ ಇಟ್ಟಿದ್ದು ಅವರ ಹೆಸರು. ಬೆಂಗಳೂರು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಇರುವುದೂ ಅವರದೇ ಹೆಸರು. ನಮ್ಮೂರು ಹೆಸರು ಬದಲಿಸಿಕೊಂಡಿತು, ಆಸ್ಪತ್ರೆ ಬದಲಿಸಿಕೊಳ್ಳಲಿಲ್ಲ. ಎರಡರ ನಡುವೆ ಇರುವುದು ಸುಮಾರು 70 ಕಿಲೋಮೀಟರ್ ರೈಲು ಹಳಿ.

2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಎಚ್‌ಐವಿ ಸೋಂಕಿತರಿಗೆ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಇಡೀ ದೇಶದಲ್ಲಿ ಮೊದಲಿಗೆ ಆರಿಸಿಕೊಂಡಿದ್ದು ಎಂಟೇ ಆಸ್ಪತ್ರೆಗಳನ್ನು. ಕರ್ನಾಟಕದ ಪಾಲಿಗೆ ಬಂದದ್ದು ಬೌರಿಂಗ್ ಆಸ್ಪತ್ರೆ. ಆ ಮಾತ್ರೆ ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಆದರೆ ದಿನಾ ತಪ್ಪದೆ ನುಂಗಿದರೆ ವೈರಸ್ ಮೈಯಲ್ಲಿ ಬೆಳೆಯುವುದು ನಿಲ್ಲುತ್ತದೆ, ಮನುಷ್ಯ ಎಲ್ಲರ ಹಾಗೆ ದುಡಿದು, ಉಂಡು ಬಾಳಬಹುದು. ಅಲ್ಲಿಯವರೆಗೆ ಈ ಮಾತ್ರೆಗೆ ತಿಂಗಳಿಗೆ ಸಾವಿರಾರು ರೂಪಾಯಿ ಆಗುತ್ತಿತ್ತು. ಕೂಲಿ ಮಾಡುವವರಿಗೆ ಅದು ಇಲ್ಲದ ಔಷಧಿಯೇ.

ಕೆಜಿಎಫ್‌ನ ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲು ಬಂಗಾರಪೇಟೆಯಲ್ಲಿ ನಿಂತು, ಕಂಟೋನ್ಮೆಂಟ್ ಮುಟ್ಟುತ್ತದೆ. ಅಲ್ಲಿಂದ ಬೌರಿಂಗ್ ಆಸ್ಪತ್ರೆ ಹತ್ತಿರ. ಕಟ್ಟಡದ ಕೆಲಸಕ್ಕೆ, ಗಾರ್ಮೆಂಟ್ಸ್‌ಗೆ, ಸೆಕ್ಯುರಿಟಿ ಕೆಲಸಕ್ಕೆ ಹೋಗುವ ಸಾವಿರಾರು ಜನರ ನಡುವೆ ಮಾತ್ರೆ ತರಲು ಹೋಗುವವರೂ ಬೆರೆತುಹೋದರು. ಅದೇ ಟಿಫನ್ ಡಬ್ಬಿ, ಅದೇ ನೂಕುನುಗ್ಗಲು. ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಯಾರು ಕೇಳುತ್ತಾರೆ? ಒಂದು ದಿನದ ಕೂಲಿ ಹೋಗುತ್ತಿತ್ತು, ಆದರೆ ಗುಟ್ಟು ಉಳಿಯುತ್ತಿತ್ತು.

ಆಮೇಲೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೂ ಎಆರ್‌ಟಿ ಕೇಂದ್ರ ಬಂತು. ಹತ್ತಿರದಲ್ಲೇ ಮಾತ್ರೆ ಸಿಗುವಾಗಲೂ ದೂರದ ಊರಿಗೆ ಹೋಗುವವರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. "ಅಲ್ಲಿ ನಮ್ಮೂರವರು ಯಾರಾದರೂ ಸಿಕ್ಕಿಬಿಟ್ಟರೆ?" ಅನ್ನುವ ಒಂದು ಪ್ರಶ್ನೆ ಸಾಕು, ಮನುಷ್ಯ ಇನ್ನೂ 50 ಕಿಲೋಮೀಟರ್ ಹೋಗುತ್ತಾನೆ. ಈ ಕಾಯಿಲೆಯ ಚರಿತ್ರೆಯನ್ನು ವೈರಸ್ಸಿನಿಂದ ಶುರು ಮಾಡುವುದಕ್ಕಿಂತ ಈ ಪ್ರಶ್ನೆಯಿಂದಲೇ ಶುರು ಮಾಡುವುದು ಸರಿ ಅಂತ ನನಗನ್ನಿಸುತ್ತದೆ. ಯಾಕೆಂದರೆ ನಮ್ಮ ಕಡೆಯವರಿಗೆ ರಿಜಿಸ್ಟರಿನ ಭಯ ಹೊಸದಲ್ಲ.

1930ರಲ್ಲಿ ಕೆಜಿಎಫ್‌ನಲ್ಲಿ ಒಂದು ದೊಡ್ಡ ಮುಷ್ಕರ ನಡೆಯಿತು. ಆಗ ಗಣಿ ಇದ್ದದ್ದು ಜಾನ್ ಟೇಲರ್ ಕಂಪನಿಯವರ ಕೈಯಲ್ಲಿ. ಕೂಲಿಗಳೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕು ಅಂತ ನಿಯಮ ಬಂತು. ಬೆರಳಚ್ಚು ಕೊಡುವುದು ಕಳ್ಳರು, ಕೈದಿಗಳು. ನಾವೇಕೆ ಕೊಡಬೇಕು ಅಂತ ಸಾವಿರಾರು ಕಾರ್ಮಿಕರು ವಾರಗಟ್ಟಲೆ ಗಣಿಗೆ ಇಳಿಯಲಿಲ್ಲ. ಕಂಪನಿ ಪುಸ್ತಕದಲ್ಲಿ ಒಮ್ಮೆ ಬೆರಳು ಒತ್ತಿದರೆ, ಒಂದು ಗಣಿಯಲ್ಲಿ ತೆಗೆದುಹಾಕಿದವನಿಗೆ ಇನ್ನೊಂದು ಗಣಿಯಲ್ಲೂ ಕೆಲಸ ಸಿಗುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಹೆಸರು ಯಾರ ಪುಸ್ತಕದಲ್ಲಿದೆ ಅನ್ನುವುದು ಹೊಟ್ಟೆಪಾಡಿನ ವಿಷಯವಾಗಿತ್ತು.

ಈ ಕಾರ್ಮಿಕರಲ್ಲಿ ಬಹಳ ಜನ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ದಲಿತರು. 'ಲೈನ್' ಅಂತ ಕರೆಯುವ ಸಾಲುಮನೆಗಳಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದರು. ಒಂದೇ ಗೋಡೆ, ಒಂದೇ ನಲ್ಲಿ, ಆ ಮನೆಯ ಕೆಮ್ಮು ಈ ಮನೆಗೆ ಕೇಳುತ್ತಿತ್ತು. ಆದರೆ ಅದೇ ಲೈನುಗಳಲ್ಲಿ ಸಂಘ ಕಟ್ಟುವ ಅಭ್ಯಾಸವೂ ಬೆಳೆಯಿತು. 20ನೇ ಶತಮಾನದ ಶುರುವಿನಲ್ಲೇ ಅಯೋತಿದಾಸ ಪಂಡಿತರ ಪ್ರಭಾವದಿಂದ ಇಲ್ಲಿ ಬೌದ್ಧ ಸಂಘಗಳು ಹುಟ್ಟಿದವು. 1954ರಲ್ಲಿ ಅಂಬೇಡ್ಕರ್ ಅವರೇ ಕೆಜಿಎಫ್‌ಗೆ ಬಂದು ಹೋದರು. ಕಷ್ಟ ಬಂದಾಗ ಸರ್ಕಾರ ಬರಲಿ ಅಂತ ಕಾಯದೆ ನಾಲ್ಕು ಜನ ಕೂಡಿ ಕೂತು ಮಾತಾಡುವುದು ಈ ಊರಿಗೆ ಅಭ್ಯಾಸವಾಗಿತ್ತು.

ಕೆಮ್ಮಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಲ್ಲು ಕೊರೆಯುವಾಗ ಏಳುವ ಸಣ್ಣ ದೂಳು ಶ್ವಾಸಕೋಶದಲ್ಲಿ ಕೂತು ಬರುವ ಕಾಯಿಲೆ ಸಿಲಿಕೋಸಿಸ್. 1940ರಿಂದ 1946ರ ನಡುವೆ ಕೆಜಿಎಫ್‌ನ 7,653 ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ 100ಕ್ಕೆ 43ಕ್ಕೂ ಹೆಚ್ಚು ಮಂದಿಗೆ ಅದು ಇತ್ತು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ, ಅಂದರೆ ಟಿಬಿ, ಬೇಗ ಅಂಟುತ್ತದೆ. ಎಚ್‌ಐವಿ ಇದ್ದವರನ್ನು ನಮ್ಮ ದೇಶದಲ್ಲಿ ಅತಿ ಹೆಚ್ಚು ಬಲಿ ತೆಗೆದುಕೊಂಡದ್ದೂ ಅದೇ ಟಿಬಿ. ಹಾಗಾಗಿ ಕೆಜಿಎಫ್‌ನಂಥ ಊರಲ್ಲಿ ಒಬ್ಬ ಗಂಡಸು ಸೊರಗಿ ಸೊರಗಿ ಸತ್ತರೆ "ಎದೆ ಕಾಯಿಲೆ" ಅಂದು ಮುಗಿಸುವುದು ಸುಲಭವಾಗಿತ್ತು. ಆ ಮಾತು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಸಿಲಿಕೋಸಿಸ್, ಟಿಬಿ, ಎಚ್‌ಐವಿ ಮೂರೂ ಒಂದಕ್ಕೊಂದು ಹೆಗಲು ಕೊಟ್ಟು ಜನರನ್ನು ಕೊಂದವು. ಅಲ್ಲಿ ಕಂಪನಿಗಳು ಗಂಡಸರನ್ನು ಮಾತ್ರ ತಂದು ಹಾಸ್ಟೆಲ್‌ಗಳಲ್ಲಿ ಇರಿಸಿಕೊಂಡಿದ್ದವು. ವರ್ಷದಲ್ಲಿ ಬಹುಪಾಲು ಕಾಲ ಹೆಂಡತಿ ಮಕ್ಕಳ ಮುಖ ನೋಡುವಂತಿರಲಿಲ್ಲ. ಕೆಜಿಎಫ್‌ನಲ್ಲಿ ಸಂಸಾರ ಜೊತೆಯಲ್ಲೇ ಇತ್ತು. ಇದೊಂದು ವ್ಯತ್ಯಾಸ ನಮ್ಮನ್ನು ಎಷ್ಟೋ ಕಾಪಾಡಿರಬೇಕು ಅನ್ನುವುದು ನನ್ನ ಊಹೆ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದ ಕಥೆಯಲ್ಲೂ ನಮ್ಮ ರೈಲು ದಾರಿಯ ಒಂದು ತುಂಡು ಇದೆ. 1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಪ್ರೊಫೆಸರ್ ಸುನೀತಿ ಸೊಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾಗೆ ಒಂದು ಕೆಲಸ ಒಪ್ಪಿಸಿದರು. ಲೈಂಗಿಕ ವೃತ್ತಿಯಲ್ಲಿದ್ದ ಹೆಂಗಸರ ರಕ್ತ ತೆಗೆದು ಪರೀಕ್ಷೆ ಮಾಡುವುದು. ಇಂಥ ಕಾಯಿಲೆ ನಮ್ಮ ದೇಶಕ್ಕೆ ಬರುವುದೇ ಇಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಆ ಹೆಂಗಸರನ್ನು ಪೊಲೀಸರು ಹಿಡಿದು ತಂದು ಸರ್ಕಾರಿ ಗೃಹದಲ್ಲಿ ಕೂಡಿಹಾಕಿದ್ದರು. ನಿರ್ಮಲಾ ರಕ್ತದ ಮಾದರಿಗಳನ್ನು ಮನೆಯ ಫ್ರಿಜ್ಜಿನಲ್ಲಿ ಇಟ್ಟುಕೊಂಡು, ಐಸ್ ತುಂಬಿದ ಡಬ್ಬದಲ್ಲಿ ಹಾಕಿ, ಗಂಡನ ಜೊತೆ ರಾತ್ರಿ ರೈಲು ಹತ್ತಿ ವೇಲೂರಿನ ಸಿಎಂಸಿ ಆಸ್ಪತ್ರೆಗೆ ಹೋದರು. ಕಾಟ್ಪಾಡಿಯಲ್ಲಿ ಇಳಿದು ಹೋಗುವ ಅದೇ ವೇಲೂರು. ನಮ್ಮ ಕಡೆ ದೊಡ್ಡ ಕಾಯಿಲೆ ಬಂದರೆ "ವೇಲೂರಿಗೆ ಕರ್ಕೊಂಡು ಹೋಗಿ" ಅನ್ನುತ್ತಾರಲ್ಲ, ಅಲ್ಲಿಗೆ. ಆರು ಮಾದರಿಗಳಲ್ಲಿ ಸೋಂಕು ಕಂಡಿತು.

ನಿರ್ಮಲಾ ಅವರ ಧೈರ್ಯ ದೊಡ್ಡದು, ಆ ಪರೀಕ್ಷೆಯಿಂದಲೇ ದೇಶ ಎಚ್ಚೆತ್ತುಕೊಂಡಿತು. ಆದರೆ ಕೂಡಿಹಾಕಿದ ಜಾಗದಲ್ಲಿ ಇದ್ದ ಹೆಂಗಸರು "ಬೇಡ" ಅನ್ನುವ ಸ್ಥಿತಿಯಲ್ಲಿ ಇದ್ದರೇ ಅಂತ ಕೇಳದೆ ಇರಲು ನನ್ನಿಂದ ಆಗುವುದಿಲ್ಲ. ಈ ಕಾಯಿಲೆಗೆ ಸಂಬಂಧಿಸಿದ ಮೊದಲ ಪಟ್ಟಿ ಅಲ್ಲೇ ತಯಾರಾಯಿತು, ಮತ್ತೆ ಅದರಲ್ಲಿ ಇದ್ದದ್ದು ಯಾರ ಬೆಂಬಲವೂ ಇಲ್ಲದವರ ಹೆಸರುಗಳು.

ಮೂರು ವರ್ಷಗಳ ನಂತರ, 1989ರಲ್ಲಿ, ಪಕ್ಕದ ಗೋವಾದಲ್ಲಿ ಡೊಮಿನಿಕ್ ಡಿಸೋಜಾ ಅನ್ನುವ ಯುವಕನಿಗೆ ಏನಾಯಿತು ನೋಡಿ. ಆತ ರಕ್ತದಾನ ಮಾಡಿದ್ದ. ಆ ರಕ್ತದಲ್ಲಿ ಎಚ್‌ಐವಿ ಕಂಡಿತು ಅಂತ ಪೊಲೀಸರು ಮನೆಯಿಂದ ಕರೆದೊಯ್ದು 64 ದಿನ ಕೂಡಿಹಾಕಿದರು. ಮಾಡಿದ ಅಪರಾಧ ಏನೂ ಇಲ್ಲ. ಹೊರಗೆ ಬಂದ ಮೇಲೆ ಡೊಮಿನಿಕ್ ಸೋಂಕಿತರಿಗಾಗಿ 'ಪಾಸಿಟಿವ್ ಪೀಪಲ್' ಅನ್ನುವ ಸಂಸ್ಥೆ ಕಟ್ಟಲು ಮುಂದಾದರು, 1992ರಲ್ಲಿ ತೀರಿಕೊಂಡರು. ಇಂಥ ಸುದ್ದಿ ಕೇಳಿದ ಮೇಲೆ ಯಾರು ತಾವಾಗಿ ಬಂದು ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ?

ಆಗಿನ ಪ್ರಚಾರವೂ ಹಾಗೇ ಇತ್ತು. ಗೋಡೆಗಳ ಮೇಲೆ ತಲೆಬುರುಡೆ ಬರೆಯುತ್ತಿದ್ದರು. ನಾನು ಓದಿದ ಶಾಲೆಗೆ ಹೋಗುವ ದಾರಿಯ ಗೋಡೆಯಲ್ಲಿ ಕಪ್ಪು ಬಣ್ಣದಲ್ಲಿ ಬರೆದ ಅಂಥದ್ದೊಂದು ಇತ್ತು. ಅದನ್ನು ನೋಡಿ ನಮಗೆ ಗೊತ್ತಾದದ್ದು ಇಷ್ಟೇ: ಏಡ್ಸ್ ಅಂದರೆ ಸಾವು, ಏಡ್ಸ್ ಅಂದರೆ ಕೆಟ್ಟವರು. ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ ಅನ್ನುವುದು ಗೊತ್ತಾಗಲಿಲ್ಲ. ನಮ್ಮ ಬೀದಿಯಲ್ಲಿ ಲಾರಿ ಓಡಿಸುತ್ತಿದ್ದ ಒಬ್ಬರು ಕಾಯಿಲೆ ಬಿದ್ದಾಗ ಅವರ ತಟ್ಟೆ ಲೋಟ ಬೇರೆ ಮಾಡಿದ್ದರು. ತೀರಿಕೊಂಡ ದಿನ ಹೊರುವುದಕ್ಕೆ ಜನ ಸಾಲಲಿಲ್ಲ. ಒಟ್ಟಿಗೆ ಉಂಡರೆ, ಮುಟ್ಟಿದರೆ, ಸೊಳ್ಳೆ ಕಚ್ಚಿದರೆ ಈ ಕಾಯಿಲೆ ಬರುವುದಿಲ್ಲ ಅಂತ ಆ ಬೀದಿಗೆ ಗೊತ್ತಾಗಲು ಇನ್ನೂ ಹತ್ತು ವರ್ಷ ಬೇಕಾಯಿತು.

2001ರ ಫೆಬ್ರವರಿ 28ರಂದು ಬಿಜಿಎಂಎಲ್ ಗಣಿ ಮುಚ್ಚಿತು. 120 ವರ್ಷ ಚಿನ್ನ ಕೊಟ್ಟ ಊರಿನ ಸೈರನ್ ನಿಂತಿತು. ಗಣಿಯ ಜೊತೆಗೇ ಕಾರ್ಮಿಕರ ಆಸ್ಪತ್ರೆಯೂ ಹೋಯಿತು. ಕರ್ನಾಟಕದಲ್ಲಿ ಎಚ್‌ಐವಿ ಜೋರಾಗಿ ಏರುತ್ತಿದ್ದದ್ದು ಇದೇ ಕಾಲದಲ್ಲಿ. ಬಸುರಿಯರ ರಕ್ತ ಪರೀಕ್ಷೆಯಲ್ಲಿ 100ಕ್ಕೆ ಒಬ್ಬರಿಗಿಂತ ಹೆಚ್ಚು ಸೋಂಕು ಕಂಡ ರಾಜ್ಯಗಳನ್ನು ಹೆಚ್ಚು ಸೋಂಕಿನ ರಾಜ್ಯ ಅಂತ ಗುರುತಿಸಿದರು. ಅಂಥ ಆರು ರಾಜ್ಯಗಳಲ್ಲಿ ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಇದ್ದವು. ಭೂಪಟ ತೆಗೆದು ನೋಡಿ: ಈ ಮೂರು ರಾಜ್ಯಗಳ ಗಡಿ ಸೇರುವುದು ನಮ್ಮ ಕೆಜಿಎಫ್, ಕುಪ್ಪಂ, ಕೃಷ್ಣಗಿರಿ ಕಡೆ. ಕೋಲಾರ, ಮುಳಬಾಗಿಲು ದಾಟಿ ಚೆನ್ನೈಗೆ ಹೋಗುವ ಹೆದ್ದಾರಿಯೂ ನಮ್ಮ ಜಿಲ್ಲೆಯ ಎದೆಯ ಮೇಲೇ ಹಾದುಹೋಗುತ್ತದೆ.

ಕೆಲಸ ಹೋದ ಊರು, ಆಸ್ಪತ್ರೆ ಹೋದ ಊರು, ಗಡಿಯ ಊರು. ಜನ ಬದುಕಿಗಾಗಿ ರೈಲು ಹತ್ತಿದರು. ಇದರಿಂದ ಕೆಜಿಎಫ್ ಕೆಟ್ಟುಹೋಯಿತು ಅಂತ ಯಾರಾದರೂ ಬರೆದರೆ ನಂಬಬೇಡಿ. ಬಡತನ ಕಾಯಿಲೆಯನ್ನು ಹುಟ್ಟಿಸುವುದಿಲ್ಲ, ಅದು ಬಂದಾಗ ಓಡುವ ದಾರಿಗಳನ್ನು ಮುಚ್ಚುತ್ತದೆ, ಅಷ್ಟೇ.

ಕಾಯಿಲೆಯನ್ನು ಹಿಮ್ಮೆಟ್ಟಿಸಿದ್ದು ಯಾರು ಅಂತ ಕೇಳಿದರೆ ಸಾಮಾನ್ಯವಾಗಿ ಸರ್ಕಾರ, ವಿದೇಶಿ ದುಡ್ಡು, ಔಷಧಿ ಅನ್ನುತ್ತಾರೆ. ಮೂರೂ ಇದ್ದವು. ಕೇಂದ್ರದಲ್ಲಿ 1992ರಲ್ಲಿ ನ್ಯಾಕೋ ಬಂತು, ರಾಜ್ಯದಲ್ಲಿ 1997ರಲ್ಲಿ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಬಂತು. 2003ರಲ್ಲಿ ಬಿಲ್ ಗೇಟ್ಸ್ ದಂಪತಿಯ ಫೌಂಡೇಷನ್ 'ಆವಾಹನ್' ಅನ್ನುವ ದೊಡ್ಡ ಯೋಜನೆ ತಂದಿತು. ಕರ್ನಾಟಕದಲ್ಲಿ ಅದನ್ನು ನಡೆಸಿದವರಲ್ಲಿ ಮುಖ್ಯರು ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟಿನವರು. ಆದರೆ ದುಡ್ಡು ಬಂದು ಕಚೇರಿ ತೆರೆದರೆ ಬಾಗಿಲಿಗೆ ಜನ ಬರಬೇಕಲ್ಲ? ಹೆಸರು ಹೇಳಲು ಹೆದರುವವರು ಬರುವುದು ಹೇಗೆ?

ಅದಕ್ಕೆ ಉತ್ತರ ಕಂಡುಕೊಂಡಿದ್ದು ಆ ಹೆಂಗಸರೇ. ಕೋಲ್ಕತ್ತಾದ ಸೋನಾಗಾಚಿಯಲ್ಲಿ 1992ರಲ್ಲಿ ಡಾಕ್ಟರ್ ಸ್ಮರಜಿತ್ ಜಾನಾ ಕೆಲಸ ಶುರು ಮಾಡಿದಾಗ, ಲೈಂಗಿಕ ವೃತ್ತಿಯ ಹೆಂಗಸರಿಗೆ ಹೇಳಿಕೊಡಲು ಹೊರಗಿನವರನ್ನು ಕಳಿಸಲಿಲ್ಲ, ಅವರಲ್ಲೇ ಕೆಲವರನ್ನು ತಯಾರು ಮಾಡಿದರು. ಸಾಂಗ್ಲಿ, ನಿಪ್ಪಾಣಿ ಕಡೆ 'ವ್ಯಾಂಪ್' ಸಂಘ, ಮೈಸೂರಿನಲ್ಲಿ 'ಅಶೋದಯ ಸಮಿತಿ' ಅದೇ ದಾರಿಯಲ್ಲಿ ನಡೆದವು. ಇಂಥ ಕೆಲಸ ಮಾಡುವವರನ್ನು 'ಪಿಯರ್' ಅನ್ನುತ್ತಾರೆ. ಅಂದರೆ ನಮ್ಮವರೇ ಆದ ಒಬ್ಬರು.

ಮುಂಬೈ, ಕೋಲ್ಕತ್ತಾದ ಹಾಗೆ ನಮ್ಮ ಕಡೆ ಇದಕ್ಕೆಂದೇ ಇರುವ ಕೇರಿಗಳು ಇಲ್ಲ. ದಕ್ಷಿಣ ಕರ್ನಾಟಕದಲ್ಲಿ ಈ ವೃತ್ತಿಯಲ್ಲಿ ಇರುವವರಲ್ಲಿ ಬಹಳ ಜನ ಸಂಸಾರಸ್ಥರು. ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಲಾಡ್ಜ್, ಆಮೇಲೆ ಮೊಬೈಲ್ ಫೋನ್. ಹಗಲು ಗಾರ್ಮೆಂಟ್ಸ್ ಕೆಲಸ, ಮನೆಗೆಲಸ ಮಾಡುತ್ತಾ ಕಷ್ಟ ಬಿದ್ದಾಗ ಈ ಕಡೆ ಬರುವವರು. ಮನೆಯವರಿಗೆ ಗೊತ್ತಿಲ್ಲ, ಪಕ್ಕದವರಿಗೆ ಗೊತ್ತಿಲ್ಲ. ಇವರನ್ನು ಸರ್ಕಾರಿ ಜೀಪು ಹುಡುಕಲಾರದು. ಹುಡುಕಿದರೂ ಅವರು ಸಿಗಲಾರರು. ಆದರೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಪಕ್ಕದಲ್ಲಿ ಬಂದು ಕೂತು, "ಊಟ ಆಯ್ತಾ ಅಕ್ಕ?" ಅಂತ ಮಾತು ಶುರು ಮಾಡುವ ಇನ್ನೊಬ್ಬ ಹೆಂಗಸಿಗೆ ಸಿಗುತ್ತಾರೆ.

ಒಬ್ಬ ಪಿಯರ್ ಸುಮಾರು 50–60 ಜನರನ್ನು ನೋಡಿಕೊಳ್ಳಬೇಕು. ಓದು ಬರಹ ಬಾರದವರೂ ಚಿತ್ರದ ಗುರುತು ಹಾಕಿ ಲೆಕ್ಕ ಇಡುತ್ತಿದ್ದರು: ಯಾರಿಗೆ ಎಷ್ಟು ನಿರೋಧ್ ಬೇಕು, ಯಾರನ್ನು ಕ್ಲಿನಿಕ್ಕಿಗೆ ಕರೆದೊಯ್ಯಬೇಕು, ಯಾರಿಗೆ ಮನೆಯಲ್ಲಿ ಹೊಡೆತ ಬೀಳುತ್ತಿದೆ. ಇಲ್ಲೂ ಪಟ್ಟಿ ಇತ್ತು. ಆದರೆ ಪಟ್ಟಿ ಬರೆದವಳ ಹೆಸರೂ ಅದೇ ಪಟ್ಟಿಯಲ್ಲಿ ಇತ್ತು. 1930ರ ಕಂಪನಿ ಪುಸ್ತಕಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಅದು.

ಈ ಸಂಘಗಳು ಮೊದಲು ಹಿಡಿದ ಕೆಲಸ ರೋಗದ್ದಲ್ಲ, ಪೊಲೀಸರದ್ದು. ಕೈಚೀಲದಲ್ಲಿ ನಿರೋಧ್ ಸಿಕ್ಕರೆ ಅದನ್ನೇ ಸಾಕ್ಷಿ ಮಾಡಿ ಹಿಡಿದೊಯ್ಯುತ್ತಿದ್ದ ಕಾಲದಲ್ಲಿ ಯಾರು ನಿರೋಧ್ ಇಟ್ಟುಕೊಳ್ಳುತ್ತಾರೆ? ಯಾರನ್ನಾದರೂ ಹಿಡಿದರೆ ಅಥವಾ ಹೊಡೆದರೆ ತಕ್ಷಣ ಸ್ಟೇಷನ್ನಿಗೆ ಓಡುವ ತಂಡಗಳನ್ನು ಕಟ್ಟಿದರು, ವಕೀಲರನ್ನು ಗೊತ್ತುಮಾಡಿದರು, ಪೊಲೀಸ್ ಅಧಿಕಾರಿಗಳನ್ನು ಕೂರಿಸಿಕೊಂಡು ಮಾತಾಡಿದರು. ಸ್ವಲ್ಪ ಹೊತ್ತು ಚಪ್ಪಲಿ ಬಿಟ್ಟು ಕಾಲು ಚಾಚಿ ಮಲಗಲು, ಸ್ನಾನ ಮಾಡಲು, ಯಾರೂ ಕೆಟ್ಟ ಮಾತಾಡದ ಒಂದು ಕೋಣೆ ಮಾಡಿಕೊಂಡರು. ಅದನ್ನು 'ಡ್ರಾಪ್ ಇನ್ ಸೆಂಟರ್' ಅನ್ನುತ್ತಾರೆ. ಆ ಕೋಣೆಯ ಪಕ್ಕದಲ್ಲೇ ಕ್ಲಿನಿಕ್ ಇದ್ದದ್ದರಿಂದ ಚಿಕಿತ್ಸೆಗೂ ಜನ ಬಂದರು.

ಫಲಿತಾಂಶ ಲೆಕ್ಕದಲ್ಲೂ ಕಾಣಿಸಿತು. ಕರ್ನಾಟಕದ ಐದು ಜಿಲ್ಲೆಗಳಲ್ಲಿ ಈ ಕೆಲಸದ ಶುರುವಿನಲ್ಲಿ ಒಮ್ಮೆ, ಕೆಲ ವರ್ಷಗಳ ನಂತರ ಒಮ್ಮೆ ಪರೀಕ್ಷೆ ಮಾಡಿ ನೋಡಿದಾಗ, ಲೈಂಗಿಕ ವೃತ್ತಿಯ ಹೆಂಗಸರಲ್ಲಿ ಎಚ್‌ಐವಿ 100ಕ್ಕೆ 19.6ರಿಂದ 16.4ಕ್ಕೆ ಇಳಿದಿತ್ತು. ಇಷ್ಟೇನಾ ಅನ್ನಬೇಡಿ. ಎಚ್‌ಐವಿ ಒಮ್ಮೆ ಬಂದರೆ ಹೋಗುವ ಕಾಯಿಲೆಯಲ್ಲ. ಆದ್ದರಿಂದ ಈ ಸಂಖ್ಯೆ ಇಳಿಯಿತು ಅಂದರೆ ಹೊಸದಾಗಿ ಸೋಂಕು ತಗಲುವುದು ಕಡಿಮೆಯಾಯಿತು ಅನ್ನುವುದಕ್ಕೆ ಒಳ್ಳೆಯ ಸೂಚನೆ.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಲಾರೆ. ದುಡ್ಡು ಕೊಡುವವರಿಗೆ ತಿಂಗಳ ಲೆಕ್ಕ ಬೇಕು: ಎಷ್ಟು ಜನರನ್ನು ಭೇಟಿ ಮಾಡಿದಿರಿ, ಎಷ್ಟು ನಿರೋಧ್ ಹಂಚಿದಿರಿ. ಸಂಖ್ಯೆ ಮುಟ್ಟಿಸುವ ಓಟದಲ್ಲಿ ಮಾತಾಡಲು ಸಮಯ ಸಾಲುತ್ತಿರಲಿಲ್ಲ. ಪಿಯರ್‌ಗಳಿಗೆ ಸಿಗುತ್ತಿದ್ದದ್ದು ಸಂಬಳ ಅನ್ನಲೂ ಆಗದ ಗೌರವಧನ. 2013ರ ಹೊತ್ತಿಗೆ ಆವಾಹನ್ ಮುಗಿದು ಕೆಲಸ ಪೂರ್ತಿ ಸರ್ಕಾರದ ಕೈಗೆ ಬಂದಾಗ ಸಂಘಗಳ ಕೈ ಬಿಗಿಯಾಯಿತು. ತಮ್ಮ ಕಾಲ ಮೇಲೆ ನಿಂತ ಸಂಘಗಳು ಉಳಿದವು, ಉಳಿದವು ಕಾಗದದಲ್ಲಿ ಇವೆ.

ಇನ್ನೊಂದು ಸಾಲಿನ ಚರಿತ್ರೆ ಸೋಂಕಿತರದ್ದೇ. ಇದರಲ್ಲಿ ಹೆಂಗಸರ ಪಾಲು ದೊಡ್ಡದು. ನಮ್ಮ ದೇಶದಲ್ಲಿ ಎಚ್‌ಐವಿ ಇರುವ ಹೆಂಗಸರಲ್ಲಿ ಬಹಳಷ್ಟು ಮಂದಿಗೆ ಅದು ಬಂದದ್ದು ಕಟ್ಟಿಕೊಂಡ ಗಂಡನಿಂದ. ಗಂಡ ತೀರಿಕೊಂಡ ಮೇಲೆ "ಇವಳೇ ನಮ್ಮ ಮಗನನ್ನು ತಿಂದಳು" ಅನ್ನುವ ಮಾತು ಕೇಳಬೇಕಾದವಳೂ ಅವಳೇ. ಮನೆಯಿಂದ ಆಚೆ ಹಾಕುತ್ತಾರೆ, ಜಮೀನಿನಲ್ಲಿ ಪಾಲು ಕೊಡುವುದಿಲ್ಲ, ತವರಿನಲ್ಲಿ ಜಾಗ ಇಲ್ಲ. 1997ರಲ್ಲಿ ಚೆನ್ನೈನಲ್ಲಿ 12 ಜನ ಸೋಂಕಿತರು ಸೇರಿ 'ಐಎನ್‌ಪಿ ಪ್ಲಸ್' ಅನ್ನುವ ದೇಶಮಟ್ಟದ ಒಕ್ಕೂಟ ಕಟ್ಟಿದರು. ಕರ್ನಾಟಕದಲ್ಲಿ 'ಕೆಎನ್‌ಪಿ ಪ್ಲಸ್' ಬಂತು, ಅದರಡಿ ಜಿಲ್ಲೆಗಳಲ್ಲಿ ಒಕ್ಕೂಟಗಳು ಹುಟ್ಟಿದವು. ಬೆಂಗಳೂರಿನಲ್ಲಿ ಸೋಂಕಿತ ಕುಟುಂಬಗಳಿಗಾಗಿ 'ಮಿಲನ' ಶುರುವಾಯಿತು. ಮಾತ್ರೆ ಉಚಿತವಾಗುವ ಮೊದಲೇ 'ಸಂರಕ್ಷ', 'ಫ್ರೀಡಂ ಫೌಂಡೇಷನ್', 'ಸ್ನೇಹದಾನ್'ನಂಥ ಸಂಸ್ಥೆಗಳು, ಆಸ್ಪತ್ರೆಗಳು ಸೇರಿಸಿಕೊಳ್ಳದವರನ್ನು ಸೇರಿಸಿಕೊಂಡು ಆರೈಕೆ ಮಾಡುತ್ತಿದ್ದವು.

ಒಕ್ಕೂಟದ ಕೆಲಸ ಅಂದರೆ ದೊಡ್ಡ ಸಭೆ, ಭಾಷಣ ಅಲ್ಲ. ಮೊದಲ ಸಲ ಆಸ್ಪತ್ರೆಗೆ ಹೋಗುವವರ ಜೊತೆ ಹೋಗುವುದು. ಕಾಗದ ಎಲ್ಲಿ ಮಾಡಿಸಬೇಕು, ಸಿಡಿ4 ಪರೀಕ್ಷೆಗೆ ಯಾವ ಬಾಗಿಲು, ಯಾವ ನರ್ಸಮ್ಮ ಚೆನ್ನಾಗಿ ಮಾತಾಡುತ್ತಾರೆ ಅಂತ ತೋರಿಸುವುದು. ಸಿಡಿ4 ಅಂದರೆ ರಕ್ತದಲ್ಲಿ ರೋಗದ ಜೊತೆ ಹೊಡೆದಾಡುವ ಕಣಗಳ ಲೆಕ್ಕ. ಶುರುವಿನಲ್ಲಿ ಆ ಲೆಕ್ಕ 200ಕ್ಕಿಂತ ಕೆಳಗೆ ಇಳಿದವರಿಗೆ ಮಾತ್ರ ಮಾತ್ರೆ ಸಿಗುತ್ತಿತ್ತು. ಅಂದರೆ ಸಾಯುವ ಹತ್ತಿರ ಬರುವವರೆಗೆ ಕಾಯಬೇಕಿತ್ತು. ಆ ಕಾಯುವ ವರ್ಷಗಳಲ್ಲಿ ಧೈರ್ಯ ಹೇಳಿ ಹಿಡಿದು ನಿಲ್ಲಿಸಿದ್ದು ಔಷಧಿಯಲ್ಲ, ಇನ್ನೊಬ್ಬ ಸೋಂಕಿತರು. ಆಮೇಲೆ ಈ ಮಿತಿಯನ್ನು ಏರಿಸುತ್ತಾ ಬಂದರು. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ತಕ್ಷಣ ಮಾತ್ರೆ ಕೊಡುತ್ತಾರೆ. ಎಆರ್‌ಟಿ ಕೇಂದ್ರಗಳಲ್ಲಿ ಸೋಂಕಿತರನ್ನೇ ಸಿಬ್ಬಂದಿಯಾಗಿ ಇಟ್ಟುಕೊಳ್ಳುವ ಪದ್ಧತಿಯೂ ಬಂತು. ಹೆದರಿ ಬಂದವರ ಎದುರಿಗೆ "ನಾನೂ ಹತ್ತು ವರ್ಷದಿಂದ ಇದೇ ಮಾತ್ರೆ ತಗೋತಿದೀನಿ, ನೋಡಿ ಹೇಗಿದೀನಿ" ಅನ್ನುವವರು ಕೂತಿದ್ದರೆ ಅದಕ್ಕಿಂತ ದೊಡ್ಡ ಆಪ್ತಸಮಾಲೋಚನೆ ಯಾವುದು?

ಹಳ್ಳಿಗಳಿಗೆ ಇದು ತಲುಪಿದ್ದು ತಡವಾಗಿ. 2007ರ ನಂತರ 'ಲಿಂಕ್ ವರ್ಕರ್' ಯೋಜನೆ ಬಂತು. ಕೆಲವು ಹಳ್ಳಿಗಳ ಗುಂಪಿಗೆ ಅದೇ ಸೀಮೆಯ ಒಬ್ಬ ಹುಡುಗ, ಒಬ್ಬ ಹುಡುಗಿ. ಅರಳಿಕಟ್ಟೆಯಲ್ಲಿ ಕೂತವರ ಹತ್ತಿರ ನಿರೋಧ್ ಮಾತು ಎತ್ತುವುದು ಅಂದರೆ ಸುಮ್ಮನೆ ಅಲ್ಲ. ಬೈಸಿಕೊಂಡರು, ಗೇಲಿ ಮಾಡಿಸಿಕೊಂಡರು. ಆಮೇಲೆ ಅದೇ ಹುಡುಗರ ಹತ್ತಿರ ರಾತ್ರಿ ಹೊತ್ತು ಬಂದು "ನಂಗೂ ಒಂದು ಪರೀಕ್ಷೆ ಮಾಡ್ಸಪ್ಪ" ಅಂದವರೂ ಅದೇ ಕಟ್ಟೆಯವರು. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಅಕ್ಕಂದಿರು ಬಸುರಿಯರನ್ನೆಲ್ಲ ಪರೀಕ್ಷೆಗೆ ಕರೆದೊಯ್ಯುವುದು ರೂಢಿಯಾಯಿತು. ತಾಯಿಗೆ ಸೋಂಕಿದ್ದರೂ ಸಮಯಕ್ಕೆ ಮಾತ್ರೆ ತೆಗೆದುಕೊಂಡರೆ ಮಗುವಿಗೆ ಬಾರದ ಹಾಗೆ ತಡೆಯಬಹುದು. ಈ ಒಂದು ವಿಷಯ ಗೊತ್ತಾದ ಮೇಲೆ ಎಷ್ಟೋ ಮನೆಗಳಲ್ಲಿ ಪರೀಕ್ಷೆಯ ಭಯ ಇಳಿಯಿತು. ಸೋಂಕಿತ ಹೆಂಗಸರಿಗೆ 'ಧನಶ್ರೀ', ಲೈಂಗಿಕ ವೃತ್ತಿಯಲ್ಲಿ ಇದ್ದವರಿಗೆ 'ಚೇತನ' ಅನ್ನುವ ನೆರವಿನ ಯೋಜನೆಗಳನ್ನು ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮ ತಂದದ್ದೂ ಈ ಸಂಘಗಳ ಒತ್ತಾಯ ಇದ್ದುದರಿಂದ ಅಂತಲೇ ನಾನು ತಿಳಿಯುತ್ತೇನೆ. ಆದರೆ ಅರ್ಜಿ ಹಾಕಲು ಕಚೇರಿಯಲ್ಲಿ ಮತ್ತೆ ಹೆಸರು, ಮತ್ತೆ ಕಾಯಿಲೆ ಬರೆಯಬೇಕಲ್ಲ. ಎಷ್ಟೋ ಜನ ಅಲ್ಲಿಂದಲೇ ವಾಪಸು ಬಂದುಬಿಡುತ್ತಾರೆ.

ಹೆಸರಿನ ಈ ಭಯಕ್ಕೆ ಕಾನೂನಿನ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು. ಎಚ್‌ಐವಿ ಮತ್ತು ಏಡ್ಸ್ ತಡೆ ಕಾಯ್ದೆ ಪಾಸಾದದ್ದು 2017ರಲ್ಲಿ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಯಾರಿಗೆ ಸೋಂಕಿದೆ ಅಂತ ಬಾಯಿ ಬಿಡುವಂತಿಲ್ಲ. ಸೋಂಕಿದೆ ಅಂತ ಕೆಲಸದಿಂದ ತೆಗೆಯುವುದು, ಶಾಲೆಗೆ ಸೇರಿಸದೆ ಇರುವುದು, ಬಾಡಿಗೆ ಮನೆ ಖಾಲಿ ಮಾಡಿಸುವುದು, ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡದೆ ಇರುವುದು ತಪ್ಪು. ಸೋಂಕಿತರ ಮೇಲೆ ದ್ವೇಷ ಹುಟ್ಟಿಸುವ ಹಾಗೆ ಬರೆದರೆ ಅಥವಾ ಮಾತಾಡಿದರೆ 3 ತಿಂಗಳಿಂದ 2 ವರ್ಷದವರೆಗೆ ಜೈಲು ಇದೆ. ದೂರು ಕೊಡಲು ರಾಜ್ಯದಲ್ಲಿ ಓಂಬುಡ್ಸ್‌ಮನ್ ಇರಬೇಕು ಅಂತ ಕಾಯ್ದೆ ಹೇಳುತ್ತದೆ.

ಪತ್ರಿಕೋದ್ಯಮ ಓದಿದ ನಾವೂ ಇಲ್ಲಿ ತಲೆ ತಗ್ಗಿಸಬೇಕು. ಊರು, ಬೀದಿ, ಜಾತಿ, ಗಂಡ ಮಾಡುತ್ತಿದ್ದ ಕೆಲಸ ಎಲ್ಲ ಬರೆದು ಕೊನೆಗೆ "ಹೆಸರು ಬದಲಿಸಲಾಗಿದೆ" ಅಂತ ಬ್ರಾಕೆಟ್‌ನಲ್ಲಿ ಹಾಕಿದ ವರದಿಗಳನ್ನು ನಾವು ಕ್ಲಾಸಿನಲ್ಲಿ ಮಾದರಿ ಅಂತ ಓದಿದ್ದೇವೆ. ಹಳ್ಳಿಯಲ್ಲಿ ಇಷ್ಟು ಗುರುತು ಸಿಕ್ಕರೆ ಹೆಸರು ಯಾಕೆ ಬೇಕು? ಅದಕ್ಕೇ ಈ ಬರಹದಲ್ಲಿ ನಮ್ಮ ಸೀಮೆಯ ಯಾವ ಸೋಂಕಿತರ ಕಥೆಯೂ ಇಲ್ಲ, ನೀವು ಗಮನಿಸಿರಬಹುದು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಮಾರಿಕುಪ್ಪಂ ರೈಲು ನಿಂತಿತು. 1894ರಲ್ಲಿ ಗಣಿಗಾಗಿ ಹಾಕಿದ ಹಳಿ ಅದು. ಗಣಿ ಮುಚ್ಚಿದ ಮೇಲೆ ಜನರನ್ನು ಬದುಕಿಸಿದ್ದೂ ಅದೇ. ರೈಲಿಲ್ಲ, ಬಸ್ಸಿಲ್ಲ. ಎಆರ್‌ಟಿ ಮಾತ್ರೆ ಒಂದು ದಿನವೂ ಬಿಡುವಂತಿಲ್ಲ. ಬಿಟ್ಟು ಬಿಟ್ಟು ತೆಗೆದುಕೊಂಡರೆ ವೈರಸ್ ಆ ಮಾತ್ರೆಗೆ ಬಗ್ಗುವುದಿಲ್ಲ. ಮಾತ್ರೆ ತರಲು ಹೊರಟವರನ್ನು ಪೊಲೀಸರು ತಡೆದು "ಎಲ್ಲಿಗೆ? ಏನು ಕಾಯಿಲೆ?" ಅಂದರೆ ನಾಲ್ಕು ಜನರ ಎದುರು ಏನು ಹೇಳಬೇಕು? ಹದಿನೈದು ವರ್ಷ ಕಾಪಾಡಿಕೊಂಡ ಗುಟ್ಟು ಒಂದು ಬ್ಯಾರಿಕೇಡ್ ಹತ್ತಿರ ಹೋಗಿಬಿಡುತ್ತದೆ. ನ್ಯಾಕೋ ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡಲು, ಹತ್ತಿರದ ಕೇಂದ್ರದಲ್ಲೇ ಕೊಡಲು ಅನುಮತಿ ಕೊಟ್ಟಿತು. ಆದರೆ ಕೇಂದ್ರದಿಂದ ಮನೆಗೆ ತಲುಪಿಸಿದ್ದು ಮತ್ತೆ ಅದೇ ಪಿಯರ್‌ಗಳು, ಒಕ್ಕೂಟದವರು. ದೇಶದ ಎಲ್ಲ ಕಡೆ ಅವರು ದ್ವಿಚಕ್ರ ವಾಹನಗಳಲ್ಲಿ ಮಾತ್ರೆ ಹೊತ್ತು ತಿರುಗಿದರು. ಮನೆ ಗೊತ್ತಿದ್ದದ್ದು ಅವರಿಗೆ ಮಾತ್ರ. ಬಾಗಿಲು ತೆರೆಯುತ್ತಿದ್ದದ್ದೂ ಅವರಿಗೆ ಮಾತ್ರ.

ಮರುವರ್ಷ, 2021ರ ಎರಡನೇ ಅಲೆಯಲ್ಲಿ, ಕೆಜಿಎಫ್‌ನಲ್ಲಿ ಬೇರೊಂದು ಸಂಗತಿ ನಡೆಯಿತು. 20 ವರ್ಷ ಬೀಗ ಬಿದ್ದು ಗಿಡಗಂಟಿ ಬೆಳೆದಿದ್ದ ಬಿಜಿಎಂಎಲ್ ಆಸ್ಪತ್ರೆಯನ್ನು ಸ್ವಯಂಸೇವಕರು ಕೂಡಿ ಕೆಲವೇ ದಿನಗಳಲ್ಲಿ ಗುಡಿಸಿ, ತೊಳೆದು, ಸುಣ್ಣ ಹೊಡೆದು ಕೋವಿಡ್ ರೋಗಿಗಳಿಗೆ ಸಿದ್ಧ ಮಾಡಿದರು. ಆ ಫೋಟೋಗಳು ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಅವುಗಳನ್ನು ನೋಡುವಾಗ ನನಗೆ ಒಂದು ಹೊಟ್ಟೆಕಿಚ್ಚಿನಂಥ ಯೋಚನೆ ಬಂತು: 2001ರಲ್ಲಿ, ಟಿಬಿಯೂ ಎಚ್‌ಐವಿಯೂ ಸೇರಿ ಜನರನ್ನು ತಿನ್ನುತ್ತಿದ್ದಾಗ, ಈ ಪೊರಕೆಗಳನ್ನು ಯಾರೂ ಎತ್ತಿಕೊಳ್ಳಲಿಲ್ಲವಲ್ಲ. ಕೋವಿಡ್ ಬಂದವರಿಗೆ ಊರು ಹಣ್ಣು ಕಳಿಸಿತು. ಎಚ್‌ಐವಿ ಬಂದವರಿಗೆ ತಟ್ಟೆ ಬೇರೆ ಮಾಡಿತ್ತು.

ಈಗ ಕರ್ನಾಟಕದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ ಅಂತ ಅಂದಾಜು. ದೊಡ್ಡವರ ಲೆಕ್ಕದಲ್ಲಿ 100ಕ್ಕೆ ಅರ್ಧಕ್ಕಿಂತ ಕಡಿಮೆ. ದೇಶದ ಸರಾಸರಿಗಿಂತ ಇದು ಇನ್ನೂ ಜಾಸ್ತಿಯೇ. ಮಾತ್ರೆ ಮೊದಲಿನಂತೆ ಹಲವು ಬಗೆಯದ್ದಲ್ಲ, ಬಹಳ ಜನರಿಗೆ ದಿನಕ್ಕೆ ಒಂದೇ. ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಇಳಿದರೆ ಗಂಡ ಹೆಂಡತಿಯ ನಡುವೆಯೂ ಅದು ಹರಡುವುದಿಲ್ಲ. ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರಗಳಲ್ಲಿ ಉಚಿತ. ಏನಾದರೂ ಕೇಳಬೇಕಿದ್ದರೆ 1097ಕ್ಕೆ ಫೋನ್ ಮಾಡಬಹುದು. ದುಡ್ಡು ಕಟ್ಟುವುದಿಲ್ಲ, ನಿಮ್ಮ ಹೆಸರು ಹೇಳಬೇಕಿಲ್ಲ.

ಮಾರಿಕುಪ್ಪಂ ರೈಲು ಮತ್ತೆ ಓಡುತ್ತಿದೆ. ಬಂಗಾರಪೇಟೆಯಲ್ಲಿ ಅದು ನಿಲ್ಲುವ ಹೊತ್ತಿಗೆ ಸೀಟು ಸಿಗುವುದಿಲ್ಲ, ಬಾಗಿಲ ಹತ್ತಿರ ನಿಂತೇ ಹೋಗಬೇಕು. ಕಂಟೋನ್ಮೆಂಟ್ ಬಂದಾಗ ಅರ್ಧ ಬೋಗಿ ಇಳಿದು ಖಾಲಿಯಾಗುತ್ತದೆ. ಯಾರು ಯಾವ ಕಡೆ ನಡೆದರು ಅಂತ ಈಗಲೂ ಯಾರೂ ಕೇಳುವುದಿಲ್ಲ.